ಏಳುನೀರಿನ ಗುಡ್ಡ

ಕೆಂಚನಕೊಪ್ಪದ ಬಡಗಣಕ್ಕಿರುವ ಮೂರು ನೆತ್ತಿಯ ಕೆಂಪು ಗುಡ್ಡಕ್ಕೆ ಏಳುನೀರಿನ ಗುಡ್ಡ ಎಂದು ಹೆಸರು. ಹೆಸರು ಕೇಳಿ ಬರಿಗೈಯಲ್ಲಿ ಹತ್ತಿದವರು ಬಾಯಾರಿಕೊಂಡೇ ಇಳಿಯಬೇಕು. ಅಲ್ಲಿ ಏಳು ಹಾಗಿರಲಿ, ಒಂದು ಸೆಲೆಯೂ ಇಲ್ಲ. ಇರುವುದು ಇಳಿಜಾರು ಬಂಡೆಯಲ್ಲಿ ಒಂದರ ಕೆಳಗೊಂದು ಕಡೆದ ಏಳು ಕುಳಿಗಳು. ಕೊನೆಯದರ ಅಂಚು ಒಡೆದಿದೆ. ಏಳು ಋಷಿಗಳು ಮಿಂದ ಜಾಗವೆಂದು ಈಚೆಗೆ ಯಾರೋ ಹಲಗೆ ಬರೆಸಿ ನಿಲ್ಲಿಸಿದ್ದಾರೆ. ಬರೆಸಲಿ, ಪಾಪ. ಊರಿನ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಲ್ಲಿ ವೀರೋಜನೆಂಬ ಚಿತ್ರಗಾರನಿದ್ದನಂತೆ. ಗುಡ್ಡ, ಕೆರೆ, ಹೊಲಗಳನ್ನು ಕಾಗದದ ಮೇಲೆ ಇಳಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎನ್ನುತ್ತಾರೆ. ಅವನ ಬಣ್ಣವೆಲ್ಲ ಈ ಗುಡ್ಡದ ಮಣ್ಣೇ. ಮೇಲಿನ ಕುಳಿಯಲ್ಲಿ ಮಣ್ಣು ಕದಡಿ ಒಂದು ದಿನ ಬಿಡುವುದು. ಮರಳು ತಳ ಸೇರಿದ ಮೇಲೆ ಕೆಂಪು ನೀರನ್ನಷ್ಟೇ ತೋಡಿ ಕೆಳಗಿನ ಕುಳಿಗೆ ಹಾಕುವುದು. ಹೀಗೆ ಏಳು ದಿನ, ಏಳು ನೀರು. ಕಟ್ಟಕಡೆಗೆ ಉಳಿದ ಬೆಣ್ಣೆಯಂಥ ಕೆಸರಿಗೆ ಅಂಟು ಬೆರೆಸಿದರೆ ಬಣ್ಣ. ಈ ಕೆಲಸ ಕಲಿಸಿದವಳು ಅವನ ಅಕ್ಕ ಹಾಲವ್ವ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನೀರು ತೋಡಿದವಳು. ಅವಳನ್ನು ಹೊಳೆಯಾಚೆ, ಎರಡು ಹಗಲಿನ ಹಾದಿಯ ಊರಿಗೆ ಕೊಟ್ಟರು. ಆಮೇಲೆ ಅವಳು ತವರಿನ ಗುಡ್ಡ ಕಂಡದ್ದು ಒಂದೆರಡು ಸಲ ಮಾತ್ರ.

ಮುಪ್ಪಿನಲ್ಲಿ ಹಾಲವ್ವ ಹಾಸಿಗೆ ಹಿಡಿದಳು. ಅವಳ ಮೈದುನ ಭರಮಣ್ಣ ಸುದ್ದಿ ತಂದ: ಎದ್ದು ಬರುವ ಸ್ಥಿತಿಯಿಲ್ಲ, ನಮ್ಮ ಗುಡ್ಡವನ್ನು ಕಾಗದದ ಮೇಲಾದರೂ ತೋರಿಸು ಎಂದಿದ್ದಾಳೆ, ತಡ ಮಾಡಬೇಡ. ಮನೆಯಲ್ಲಿದ್ದ ಬಣ್ಣವೆಲ್ಲ ಅರಮನೆಗೆ ಸಂದಿತ್ತು. ವೀರೋಜ ಆ ಗಳಿಗೆಯೇ ಗುಡ್ಡದೆದುರು ಕೂತು, ಮೊದಲ ಕುಳಿಯಿಂದ ತೋಡಿ ತಂದ ಕೆಂಪು ನೀರಲ್ಲೇ ಕುಂಚ ಅದ್ದಿ, ಮೂರು ನೆತ್ತಿಯನ್ನೂ ನಡುವೆ ವಾಲಿದ ಬನ್ನಿಮರವನ್ನೂ ಬರೆದ. ಇಷ್ಟು ಸಾಕು, ಹೊರಡೋಣ ಎಂದ ಭರಮಣ್ಣ. ಸಾಕಾಗಿತ್ತು ಕೂಡ. ಆದರೆ ಹಾಳೆ ಒಣಗಿದಾಗ ಅಲ್ಲಲ್ಲಿ ಮರಳಿನ ಕಾಳು ಎದ್ದು ಕಂಡವು, ವೀರೋಜನಿಗೆ ಕಸಿವಿಸಿಯಾಯಿತು.

“ದೊರಿಗೆ ಏಳು ನೀರಿನ ಬಣ್ಣ ಕೊಟ್ಟಾಂವ ನಾನು. ನನ್ನ ಸಾಕಿದಾಕಿಗೆ ಒಂದ ನೀರಿಂದು ಹೆಂಗ ಒಯ್ಯಲಿ?” ಎಂದು ಹಾಳೆಯನ್ನು ಅಲ್ಲೇ ನೀರಲ್ಲಿ ಅದ್ದಿ ತೊಳೆದುಬಿಟ್ಟ. ಕೈಯಲ್ಲಿದ್ದುದನ್ನು ನೀರುಪಾಲು ಮಾಡಿದನಲ್ಲ, ಏನು ಹೇಳೋಣ! ಭರಮಣ್ಣ ಬರಿಗೈಯಲ್ಲಿ ಮರಳಿದ.

ಏಳು ದಿನ ಕಾದು, ಎಂಟನೆಯ ದಿನ ಬರೆದು, ಹತ್ತನೆಯ ದಿನ ವೀರೋಜ ಅಕ್ಕನ ಊರು ಮುಟ್ಟಿದ. ಅವಳನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಹಾಲವ್ವನ ಸೊಸೆ ಅವನನ್ನು ಅವಳು ಮಲಗುತ್ತಿದ್ದ ಮೂಲೆಗೆ ಕರೆದೊಯ್ದು ಗೋಡೆ ತೋರಿಸಿದಳು. ಮದುವೆಯ ದಿನ ಸೆರಗಿಗೆ ಕಟ್ಟಿಕೊಂಡು ಬಂದ ಗುಡ್ಡದ ಮಣ್ಣಿನ ಹೆಂಟೆಯನ್ನು ಹಾಲವ್ವ ಅಷ್ಟೂ ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದಳಂತೆ. ತಮ್ಮ ಬಾರದಾಗ ಅದನ್ನು ಕುಡಿಯುವ ನೀರಲ್ಲಿ ನೆನೆಸಿ ಬೆರಳಿನಿಂದ ಗೋಡೆಗೆ ಎಳೆದಿದ್ದಳು: ಮೂರು ನೆತ್ತಿ, ವಾಲಿದ ಮರ. ಗೆರೆ ನಡುಗಿತ್ತು, ಮುಟ್ಟಿದರೆ ಮರಳು ಉದುರುತ್ತಿತ್ತು. ಆದರೂ ಅದು ಅದೇ ಗುಡ್ಡ.

“ನಿಮ್ಮ ಹಾದಿ ಭಾಳ ನೋಡಿದ್ರು ಮಾಮಾ,” ಎಂದಳು ಸೊಸೆ. “ಕಡೀಕ, ಅಂವ ಬಣ್ಣಾ ತೊಳಕೋತ ಕುಂತಿರತಾನ, ನಾನ ಕಲಿಸೀನಲ್ಲ, ಅಂತ ನಕ್ಕರು.”

ತಾನು ತಂದ ಚಿತ್ರವನ್ನು ವೀರೋಜ ಬಿಚ್ಚಲೂ ಇಲ್ಲವಂತೆ. ಊರಿಗೆ ಬಂದವನೇ ಸುತ್ತಿಗೆ ತೆಗೆದುಕೊಂಡು ಏಳನೆಯ ಕುಳಿಯ ಅಂಚನ್ನು ಒಡೆದ. ಅವನು ಕಾದ ಆ ಏಳು ನೀರು ಜನರ ಬಾಯಲ್ಲಿ ಗುಡ್ಡದ ಹೆಸರಾಗಿ ಉಳಿಯಿತು ಎನ್ನುತ್ತಾರೆ.

ಇಂದಿಗೂ ಮಳೆಗಾಲದಲ್ಲಿ ಹೋದವರಿಗೆ ಆರು ಕುಳಿಗಳಲ್ಲಿ ಕೆಂಪು ನೀರು ನಿಂತಿರುವುದು ಕಾಣುತ್ತದೆ, ಏಳನೆಯದರಲ್ಲಿ ನಿಲ್ಲುವುದಿಲ್ಲ. ಊರಿನ ಹೆಣ್ಣುಮಕ್ಕಳು ಮದುವೆಯಾಗಿ ಹೊರಡುವ ದಿನ ಅಣ್ಣನೋ ತಮ್ಮನೋ ಗುಡ್ಡದಿಂದ ಒಂದು ಹೆಂಟೆ ಮಣ್ಣು ಕಿತ್ತು ತಂದು ಸೆರಗಿಗೆ ಕಟ್ಟುತ್ತಾನೆ. ಅದನ್ನು ಯಾರೂ ತೊಳೆಯುವುದಿಲ್ಲ.