ನಾಲ್ಕು ಸ್ಕ್ರೂ

ವಾಸುದೇವಯ್ಯನವರು ಗುಜರಿಯಿಂದ ಕಾಫಿಬೀಜ ಪುಡಿಮಾಡುವ ಹಳೆಯ ಕೈ ಗ್ರೈಂಡರೊಂದನ್ನು ತಂದು ಕರೆಂಟಿನ ಗ್ರೈಂಡರಿನ ಪಕ್ಕದಲ್ಲಿಟ್ಟರು. ಅಂದಿನಿಂದ ದಿನಾ ಬೆಳಗ್ಗೆ ಅವರು ಹಿಡಿ ತಿರುಗಿಸುವಾಗ, ಅದು ಜಾರದಂತೆ ಹೆಂಡತಿ ಅಂಬುಜಮ್ಮ ಒತ್ತಿ ಹಿಡಿದು ಕೂರುತ್ತಿದ್ದರು.

"ಅಜ್ಜಾ, ನನ್ನ ಅರೆ ನಿಮಿಷದ ಕೆಲಸಕ್ಕೆ ನಿನಗೆ ಕಾಲು ಗಂಟೆ, ಮೇಲೆ ಇಬ್ಬರು ಆಳು!" ಎಂದಿತು ಕರೆಂಟಿನ ಗ್ರೈಂಡರ್.

"ಆ ಕಾಲು ಗಂಟೆ ಅವರೇನು ಮಾಡುತ್ತಾರೆಂದು ನೋಡು ಮಗೂ," ಎಂದಿತು ಹಳೆಯದು.

ಅದು ನೋಡಿತು. ತಮ್ಮ ಮದುವೆಯಲ್ಲಿ ಕಳೆದುಹೋದ ಚಪ್ಪಲಿಯ ವಿಷಯಕ್ಕೆ ಇಬ್ಬರೂ ಜಗಳವಾಡುತ್ತಾ ನಗುತ್ತಿದ್ದರು.

ಒಂದು ದಿನ ಅಯ್ಯನವರು, "ಇನ್ನು ನೀನು ಹಿಡಿಯೋದು ಬೇಡ ಕಣೇ, ಮೇಜಿಗೇ ಬಿಗಿದುಬಿಡ್ತೀನಿ," ಎಂದು ನಾಲ್ಕು ಸ್ಕ್ರೂ ತಂದಿಟ್ಟರು. ಅವರು ಆಚೆ ತಿರುಗಿದ್ದೇ ತಡ, ಅಂಬುಜಮ್ಮ ಸ್ಕ್ರೂಗಳನ್ನು ಕರೆಂಟಿನ ಗ್ರೈಂಡರಿನೊಳಗೆ ಹಾಕಿ ಮುಚ್ಚಳ ಮುಚ್ಚಿದರು.

ಅಯ್ಯನವರು ಮನೆಯೆಲ್ಲ ಹುಡುಕಿದರು. ಕರೆಂಟಿನ ಗ್ರೈಂಡರ್ ಬಾಯಿ ಬಿಡಲಿಲ್ಲ.