ಅರಮನೆ ತೋಟದ ಮಾದರಿ ಮನೆಗಳು

"ನನ್ನ ನಾಡಿನಲ್ಲಿ ಸೂರಿಲ್ಲದವರು ಒಬ್ಬರೂ ಇರಬಾರದು" ಎಂದು ಅರಸ ತಿಮ್ಮಣ್ಣನಾಯಕ ತುಂಬಿದ ಸಭೆಯಲ್ಲಿ ಹೇಳಿದ. "ಮನೆಮಠ ಕಳೆದುಕೊಂಡವರಿಗೆಲ್ಲ ಪುಟ್ಟ ಪುಟ್ಟ ಮನೆ ಕಟ್ಟಿಸು, ಬೊಮ್ಮರಸ. ಆದರೆ ಯಾವ ಬೀದಿಯವರಿಗೂ ಬೇಸರವಾಗಬಾರದು."

ಕಳೆದ ಮಳೆಯಲ್ಲಿ ಹೊಳೆ ಕುಂಬಾರಗೇರಿಯನ್ನು ನೆಲದ ಸಮೇತ ಕೊಂಡೊಯ್ದಿತ್ತು. ಅಲ್ಲಿಯವರು ಹುಣಸೆಮರದ ಕೆಳಗೆ ಬಿದ್ದಿದ್ದರು. ಕುಂಬಾರರ ದ್ಯಾಮವ್ವ ಮಂತ್ರಿ ಬೊಮ್ಮರಸನನ್ನು ದಾರಿಯಲ್ಲೇ ತಡೆದಳು. "ಹೆರಿಗೆಗೆಂದು ತವರಿಗೆ ಬಂದ ಮಗಳು ಮರದಡಿ ಮಲಗಿದ್ದಾಳೆ, ಒಡೆಯಾ. ಮಳೆಗೆ ಮುಂಚೆ ಒಂದು ಸೂರು ಸಿಕ್ಕೀತೇ?"

ಬೊಮ್ಮರಸ ಬೀದಿ ಬೀದಿ ಅಲೆದ. ಅಕ್ಕಸಾಲಿಗರ ಬೀದಿಯವರು, "ಪುಣ್ಯದ ಕೆಲಸ. ನಮ್ಮ ಬೀದಿಯಲ್ಲಿ ಮಾತ್ರ ಬೇಡ" ಎಂದರು. ಉಳಿದವರೂ ಅದನ್ನೇ ಅಂದರು.

"ಎಂಥ ಕಲ್ಲುಮನಸ್ಸಿನ ಜನ" ಎಂದು ಅರಸ ಮರುಗಿದ.

"ಜಾಗ ಸಿಗುವವರೆಗೆ ಮನೆಯ ಮಾದರಿಯನ್ನಾದರೂ ನೋಡಿ, ಪ್ರಭು" ಎಂದ ಬೊಮ್ಮರಸ.

ಅರಮನೆಯ ಹಿಂದಿನ ತೋಟದಲ್ಲಿ ಒಂದು ಪುಟ್ಟ ಮನೆ ಎದ್ದಿತು. "ಕಿಟಕಿ ಪೂರ್ವಕ್ಕಿರಲಿ" ಎಂದ ಅರಸ. ಅರಸರು ಕಣ್ಣಾರೆ ನೋಡಿದ್ದನ್ನು ಅಪ್ಪಣೆಯಿಲ್ಲದೆ ಕೆಡವುವ ಪದ್ಧತಿ ಅಲ್ಲಿರಲಿಲ್ಲ. ಹಾಗಾಗಿ ಪಕ್ಕದಲ್ಲೇ ಪೂರ್ವಕ್ಕೆ ಕಿಟಕಿಯಿರುವ ಇನ್ನೊಂದು ಎದ್ದಿತು. "ಸೂರು ತಗ್ಗಾಯಿತು." ಮತ್ತೊಂದು. "ಒಲೆಯ ಹೊಗೆ ಸರಿಯಾಗಿ ಹೋಗುತ್ತದೆಯೇ?" ಮಗದೊಂದು. ಅರಸ ಸುಮ್ಮನಿದ್ದ ದಿನ ಬೊಮ್ಮರಸನೇ, "ಜಗಲಿ ಕಿರಿದಾಯಿತೇನೋ, ಪ್ರಭು" ಎಂದು ನೆನಪಿಸುತ್ತಿದ್ದ.

ಮೊದಲ ಮಳೆಯ ಮರುಬೆಳಗ್ಗೆ ಅರಸ ಉಪ್ಪರಿಗೆಯಿಂದ ನೋಡಿದರೆ ತೋಟದ ತುಂಬ ಹೊಗೆ. ಮಲ್ಲಿಗೆ ಚಪ್ಪರದ ಮೇಲೆ ಕೌದಿ ಒಣಗುತ್ತಿತ್ತು. ದ್ಯಾಮವ್ವ ರೊಟ್ಟಿ ತಟ್ಟುತ್ತಿದ್ದಳು.

"ಇವರನ್ನು ಯಾರು ಒಳಗೆ ಬಿಟ್ಟರು?"

"ಹೊಗೆಯ ವಿಚಾರ ನೀವೇ ಕೇಳಿದ್ದಿರಿ, ಪ್ರಭು. ಒಲೆ ಹಚ್ಚದೆ ಏನೆಂದು ಹೇಳಲಿ?"

"ಪರೀಕ್ಷೆ ಮುಗಿಯುವುದು ಯಾವಾಗ?"

"ಸೂರು ಸೋರುತ್ತದೆಯೇ ನೋಡಬೇಕು, ಮಳೆಗಾಲ ಕಳೆಯಲಿ. ಆಮೇಲೆ ಚಳಿಗಾಲವಿದೆ."

ಅರಸ ದನಿ ತಗ್ಗಿಸಿದ. "ನೋಡು ಬೊಮ್ಮರಸ, ಪುಣ್ಯದ ಕೆಲಸ, ಇಲ್ಲವೆನ್ನುವುದಿಲ್ಲ. ನಮ್ಮ ತೋಟದಲ್ಲಿ ಮಾತ್ರ ಬೇಡ."

ಬೊಮ್ಮರಸ ತಲೆಬಾಗಿ ಕೈಮುಗಿದ. "ಅಪ್ಪಣೆ, ಪ್ರಭು. ಕಲ್ಲುಮನಸ್ಸಿನವರ ಬೀದಿಗಳ ಜೊತೆಗೆ ಅರಮನೆ ಬೀದಿಯನ್ನೂ ಸೇರಿಸಿಕೊಳ್ಳುತ್ತೇನೆ."

ಅಷ್ಟರಲ್ಲಿ ಪೂರ್ವದ ಕಿಟಕಿಯ ಮನೆಯೊಳಗಿಂದ ಎಳೆಗೂಸಿನ ಅಳು ಕೇಳಿಸಿತು. ಅರಸನಿಗೆ ನಗು ತಡೆಯಲಾಗಲಿಲ್ಲ.

"ಪರೀಕ್ಷೆಯನ್ನು ಆತುರದಲ್ಲಿ ಮುಗಿಸಬೇಡ" ಎಂದ. "ಒಂದು ಮಳೆಗಾಲವನ್ನು ನಂಬುವಂತಿಲ್ಲ. ಆ ಕೂಸಿಗೆ ಮೊಮ್ಮಕ್ಕಳಾಗುವವರೆಗೆ ನೋಡೋಣ."