ಸಾಕ್ಷಿಗಲ್ಲಿನ ಸೀನೀರು

ಒಂದು ಬೇಸಿಗೆಯ ಸಮಸ್ತ ಉಪ್ಪಿಗೆ ಪ್ರತಿಯಾಗಿ ಒಂದು ಮಳೆಗಾಲದ ಸಮಸ್ತ ಅಕ್ಕಿ: ಈ ಕ್ಷೇತ್ರದ ಮಹಿಮೆಗೆ ಮೂಲವಾದ ಒಪ್ಪಂದ ಇಷ್ಟೇ. ಉಪ್ಪನ್ನು ಕೊಡತಕ್ಕವರು ಕುಮುದಾಕ್ಷೀ ನದಿಯು ಪಶ್ಚಿಮಸಮುದ್ರವನ್ನು ಸೇರುವ ಅಳಿವೆಯ ತೀರದಲ್ಲಿ ಗದ್ದೆ ಕಟ್ಟಿ ಉಪ್ಪು ಬೆಳೆಯುತ್ತಿದ್ದ ಜನ. ಅಕ್ಕಿಯನ್ನು ಕೊಡತಕ್ಕವನು ಕಡಲಾಚೆಯ ಇಬ್ರಿಯ ಕುಲದಿಂದ ಬಂದು ಇಲ್ಲಿ ಕೋಠಿ ಹೂಡಿದ್ದ ಮೆನಹೇಮನೆಂಬ ವರ್ತಕ. ಉಪ್ಪು ಸಂದಿತು. ಅಕ್ಕಿ ಹೇಗೆ ಸಂದಿತೆಂಬುದೇ ಈ ಪುರಾಣ.

ಸಂವತ್ಸರಗಳ ಎಣಿಕೆಗೆ ಸಿಗದ ಆ ಗತಕಾಲದಲ್ಲಿ, ಇಂದು ಭಕ್ತಜನರು ಸಾಕ್ಷಿಗಲ್ಲೆಂದು ಕರೆದು ಪಾದರಕ್ಷೆಗಳನ್ನು ಕಳಚಿ ಏರುವ ಈ ಮಹಾಶಿಲೆಗೆ ಹೆಸರಾಗಲಿ ಪೂಜೆಯಾಗಲಿ ಇರಲಿಲ್ಲ. ದೋಣಿಯ ಹಗ್ಗ ಕಟ್ಟುವುದಕ್ಕೆ ಅನುಕೂಲವಾದ ಕಪ್ಪುಬಂಡೆಯೆಂಬುದಷ್ಟೇ ಇದರ ಪ್ರಯೋಜನ. ಮೂರು ದಿಕ್ಕಿನಲ್ಲಿ ಉಪ್ಪುನೀರು, ನಾಲ್ಕನೆಯದರಲ್ಲಿ ಉಪ್ಪಿನ ಗದ್ದೆ. ಕುಡಿಯುವ ನೀರನ್ನು ಹೊಳೆಯಾಚೆಯಿಂದ ಕೊಡಗಳಲ್ಲಿ ತರಬೇಕು. ಮಳೆ ಹಿಡಿದೊಡನೆ ಗದ್ದೆಗಳೆಲ್ಲ ಮುಳುಗಿ, ಉಪ್ಪಿನವರಿಗೆ ಕೆಲಸವೂ ಇಲ್ಲ, ಕೆಲಸವಿಲ್ಲದ ಕೈಗೆ ಅನ್ನವೂ ಇಲ್ಲವಾದ್ದರಿಂದ, ಮೊದಲ ಮೋಡಕ್ಕೆ ಮುಂಚೆ ಅಕ್ಕಿಯು ಮನೆ ಸೇರುವುದೊಂದೇ ಅವರ ವರ್ಷವಿಡೀಯ ಪ್ರಾರ್ಥನೆ.

ಮೆನಹೇಮನನ್ನು ಊರಿನವರು ಮೇನಾಮಸೆಟ್ಟಿಯೆಂದು ಕರೆಯುತ್ತಿದ್ದರು. ನಾಮರೂಪರಹಿತನಾದ ಏಕದೇವನನ್ನು ವಿಗ್ರಹವಿಲ್ಲದೆ ಆರಾಧಿಸುವುದು ಅವನ ಕುಲಾಚಾರ. ದಾವಿದನೆಂಬ ಪುರಾತನ ಅರಸನೂ ಅವನ ನಾಡಿನ ಇತರ ಗಾಯಕರೂ ಕಟ್ಟಿದ ಕೀರ್ತನೆಗಳೇ ಅವನ ನಿತ್ಯಪೂಜೆ. ಪ್ರತಿದಿನ ಪ್ರಾತಃಕಾಲದಲ್ಲಿ, ಬಿಳಿಯ ಶಾಲನ್ನು ತಲೆಯ ಮೇಲೆ ಹೊದ್ದು, ಈ ಬಂಡೆಯ ಮೇಲೆ ತನ್ನ ಪುಣ್ಯನಗರಿಯ ದಿಕ್ಕಿಗೆ ಮುಖಮಾಡಿ ನಿಂತು ಅವನು ಹಾಡತೊಡಗಿದನೆಂದರೆ, ಬಲೆ ಎಳೆಯುವವರು ಬಲೆಯನ್ನೂ ಉಪ್ಪು ಎಳೆಯುವವರು ಹಲಿಗೆಯನ್ನೂ ಹಿಡಿದಲ್ಲೇ ಹಿಡಿದು ನಿಲ್ಲುತ್ತಿದ್ದರು. ಕಂಠ ಅಂಥದು. ಒಳ್ಳೆಯ ಕಂಠವುಳ್ಳವನ ತಕ್ಕಡಿಯೂ ಒಳ್ಳೆಯದಿದ್ದೀತೆಂದು ಜನ ನಂಬುವುದು ಸಹಜ. ಅವನು ಆ ನಂಬಿಕೆಯ ಬೆಲೆಯನ್ನು ಬಲ್ಲವನಾಗಿದ್ದನು.

ಆದುದರಿಂದಲೇ ಅವನು ಈ ರೇವಿನಲ್ಲಿ ಒಂದು ಪದ್ಧತಿಯನ್ನು ಹೂಡಿದನು. ವ್ಯಾಪಾರ ಕುದುರಿದೊಡನೆ ಕೊಡುವವನೂ ಕೊಳ್ಳುವವನೂ ಬಂಡೆಯ ಮೇಲೆ ಅಂಗೈಯೂರಬೇಕು; ಮೆನಹೇಮನು ಒಂದು ಕೀರ್ತನೆಯನ್ನು ಹಾಡಬೇಕು. ಇದಕ್ಕೆ ಹಾಡು ಕಟ್ಟುವುದೆಂದು ಹೆಸರು. ಕೊಟ್ಟ ಮಾತು ಸಂದ ದಿನ ಅದೇ ಇಬ್ಬರು ಅದೇ ಬಂಡೆಯ ಮೇಲೆ ಕೈಯೂರಿ, ಅದೇ ಕೀರ್ತನೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿಸಿ ಮುಗಿಸಬೇಕು; ಅದು ಹಾಡು ಬಿಚ್ಚುವುದು. ಬಿಚ್ಚುವ ತನಕ ಇಬ್ಬರಲ್ಲಿ ಯಾರೂ ಬೇರೊಬ್ಬರೊಡನೆ ಮಾತು ಕಟ್ಟುವಂತಿಲ್ಲ. ಜಾಮೀನಿನ ಖರ್ಚಿಲ್ಲ, ಪತ್ರದ ಖರ್ಚಿಲ್ಲ. ಉಪ್ಪು ಬೇರೆ ವರ್ತಕರ ಕೈಗೆ ಜಾರುವ ಭಯವಂತೂ ಇಲ್ಲವೇ ಇಲ್ಲ. ಕೀರ್ತನೆಯ ಅರ್ಥ ಮಾತ್ರ ಗಂಭೀರವಾದುದು: ದೇವಗಿರಿಯನ್ನು ಏರುವ ಯೋಗ್ಯತೆ ಯಾರಿಗೆ? ಕೈ ಕೊಳೆಯಾಗದವನಿಗೆ, ಬಡವನ ಕಷ್ಟದಲ್ಲಿ ಲಾಭ ಹುಡುಕದವನಿಗೆ, ತನಗೇ ನಷ್ಟವಾದರೂ ಆಡಿದ ಮಾತನ್ನು ಬದಲಿಸದವನಿಗೆ. ಆ ಬೇಸಿಗೆಯ ಆರಂಭದಲ್ಲಿ ಉಪ್ಪಿನ ಕೇರಿಯ ಯಜಮಾನಿ ಮಾಸ್ತಿಯೆಂಬವಳು ಎಲ್ಲರ ಪರವಾಗಿ ಕೈಯೂರಿದಳು. ಮೆನಹೇಮನು ಈ ಕೀರ್ತನೆಯನ್ನೇ ಹಾಡಿ ಉಪ್ಪು-ಅಕ್ಕಿಯ ಮಾತನ್ನು ಕಟ್ಟಿದನು.

ಬೇಸಿಗೆಯಿಡೀ ಉಪ್ಪು ರಾಶಿಯಾಯಿತು, ಎತ್ತುಗಳ ಬೆನ್ನೇರಿ ಘಟ್ಟ ಹತ್ತಿ ಮಾರಾಟವಾಯಿತು. ಮೆನಹೇಮನು ಬಾಡಿಗೆಗೆ ಹಿಡಿದಿದ್ದ ಅಕ್ಕಿಯ ಹಡಗು ಬರುವ ಹೊತ್ತಿಗೆ ಮಾತ್ರ ಕಾಲ ತಿರುಗಿತ್ತು: ತೆಂಕಣ ಸೀಮೆಯಲ್ಲಿ ಬೆಳೆ ಕೆಟ್ಟು, ಅಲ್ಲಿನ ರೇವುಗಳಲ್ಲಿ ಅಕ್ಕಿಯ ದರ ಇಮ್ಮಡಿಯನ್ನೂ ದಾಟಿತು. ಹಡಗು ನಡೆಸುವ ತಂಡೇಲನಾದ ಬೈರುಗನು, ನದೀಮುಖದ ಉಪ್ಪುನೀರಿನಲ್ಲಿ ದಟ್ಟವಾಗಿ ಬೆಳೆದ ಕಾಂಡ್ಲಾಕಾಡಿನ ಮರೆಯಲ್ಲಿ ಲಂಗರು ಹಾಕಿ, ಒಬ್ಬನೇ ಕೋಠಿಗೆ ಬಂದನು.

"ಸೆಟ್ಟರೇ, ಇಲ್ಲಿ ಇಳಿಸಿದರೆ ಉಪ್ಪಿನವರ ಹೊಟ್ಟೆಗೆ, ತೆಂಕಲಲ್ಲಿ ಇಳಿಸಿದರೆ ನಿಮ್ಮ ಪೆಟ್ಟಿಗೆಗೆ. ನನಗೆ ಕೂಲಿ ಎರಡೂ ಕಡೆ ಅಷ್ಟೇ. ಹೇಳಿ."

ಮೆನಹೇಮನು ಕೋಠಿಯ ಬಾಗಿಲು ಮುಚ್ಚಿ ಬಂದನು. "ಹಡಗು ಮುಳುಗಿತು ಅಂತ ಹೇಳು."

"ಮುಳುಗಿದ ಹಡಗಿನಿಂದ ನಾನು ಹೇಗೆ ಬಂದೆ ಅಂತ ಕೇಳಿದರೆ?"

"ದೇವರು ಉಳಿಸಿದ ಅನ್ನು."

"ಆಯ್ತು," ಎಂದನು ಬೈರುಗ. "ಅವನ ಹೆಸರು ಎಲ್ಲಾದಕ್ಕೂ ಆಗ್ತದೆ ನೋಡಿ."

ಹೀಗೆ ಸುಳ್ಳು ಸಿದ್ಧವಾದ ಮೇಲೆ, ಅದಕ್ಕೊಂದು ಹೊದಿಕೆ ಬೇಕಾಯಿತು. ಬರಲಿರುವ ಲಾಭದಲ್ಲಿ ಹತ್ತರಲ್ಲೊಂದು ಪಾಲನ್ನು ಮೆನಹೇಮನು ಮನಸ್ಸಿನಲ್ಲೇ ದೇವರಿಗೆ ತೆಗೆದಿಟ್ಟನು. ದೇವರನ್ನು ಪಾಲುದಾರನನ್ನಾಗಿ ಸೇರಿಸಿಕೊಂಡರೆ ಕಳ್ಳಸರಕೂ ಶುದ್ಧವಾಗುತ್ತದೆಂಬ ಎಣಿಕೆ ಅಂದಿಗೂ ಇತ್ತು, ಇಂದಿನ ಪೇಟೆಗಳಲ್ಲಿಯೂ ಇಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಸಮುದ್ರದ ಬಾಯಿಂದ ತನ್ನ ನಾವಿಕರು ಉಳಿದು ಬಂದುದಕ್ಕೆ ಕೃತಜ್ಞತೆಯೆಂದು ಸಾರಿ, ಶಿಲ್ಪಿಗಳನ್ನು ಕರೆಸಿ, ಬಂಡೆಯ ನೆತ್ತಿಯಲ್ಲಿ ಮೊಣಕೈಯಾಳದ ಕುಳಿಯನ್ನು ಕೊರೆಯಿಸಿ, ಚಿನ್ನದ ರೇಕು ಹೊದಿಸಿದ ಕಂಚಿನ ದೀಪಸ್ತಂಭವನ್ನು ಅದರಲ್ಲಿ ನೆಡಿಸಿದನು. ಪರದೇಶದ ವರ್ತಕರ ಕೂಟವನ್ನೂ ಉಪ್ಪಿನ ಕೇರಿಯ ಆಬಾಲವೃದ್ಧರನ್ನೂ ಒಂದು ಹಗಲಿನ ಅನ್ನಸಂತರ್ಪಣೆಗೆ ಆಹ್ವಾನಿಸಿದನು. ಮಳೆಗಾಲದ ಊಟವನ್ನು ಒಂದೇ ಪಂಕ್ತಿಯಲ್ಲಿ ಮುಗಿಸುವ ಉಪಾಯವಿದು.

ಆ ದಿನ ಮೆನಹೇಮನು ಕೃತಜ್ಞತೆಯ ಮಹಾಕೀರ್ತನೆಯನ್ನು ಎತ್ತಿಕೊಂಡನು. ಅದರ ಪ್ರತಿ ಚರಣದ ಕೊನೆಗೂ ಒಂದೇ ಪಲ್ಲವಿ: ಅವನ ಕರುಣೆಗೆ ಕೊನೆಯಿಲ್ಲ. ಆ ಪಲ್ಲವಿಯನ್ನು ಉಪ್ಪಿನವರು ವರ್ಷಗಳಿಂದ ಕೇಳಿ ಕೇಳಿ, ಅರ್ಥ ತಿಳಿಯದಿದ್ದರೂ ಉಪ್ಪು ಎಳೆಯುವ ಹಾಡನ್ನಾಗಿ ಮಾಡಿಕೊಂಡಿದ್ದರು. ಎಲೆಯ ಮುಂದೆ ಕುಳಿತು, ಹಸುಗೂಸುಗಳನ್ನು ತೊಡೆಯ ಮೇಲಿಟ್ಟುಕೊಂಡು, ಸುಗ್ಗಿಯ ದಿನಗಳಲ್ಲಿ ಹಾಡುವಂತೆಯೇ ಅವರು ದನಿಗೂಡಿಸಿದರು. ವರ್ತಕರು ತಲೆದೂಗಿದರು. ಎಂಥ ದೈವಭಕ್ತನೆಂದು ಎಲ್ಲರ ಬಾಯಲ್ಲಿಯೂ ಒಂದೇ ಮಾತು.

ಕೈತೊಳೆದು ಬಂದ ಮಾಸ್ತಿಯು ಬಂಡೆಯ ಬುಡದಲ್ಲಿ ನಿಂತಳು.

"ಸೆಟ್ಟೀ, ಊಟ ಚಲೋ ಇತ್ತು. ಇನ್ನು ಹಾಡು ಬಿಚ್ಚು."

"ಅಕ್ಕಿ ಸಮುದ್ರಕ್ಕೆ ಹೋಯಿತಲ್ಲ ತಾಯಿ. ನಾನೇನು ಮಾಡಲಿ?"

"ಸಮುದ್ರ ತಿಂದದ್ದಕ್ಕೆ ನಿನ್ನ ಎಂತಕ್ಕೆ ಬಯ್ಯೂದು? ಕಡಲ ಸಂಗತಿ ನಮಗೂ ಗೊತ್ತಿದ್ದು. ಆದ್ರೆ ನೀ ಬಿಚ್ಚದೆ ನಾ ಬೇರೆ ಕಡೆ ಮಾತು ಕಟ್ಟೂಹಾಂಗಿಲ್ಲ. ಹೊಳೆ ಆಚೆ ಒಡೇರು ಅಕ್ಕಿ ಕೊಡ್ತೆ ಅಂದಾರೆ. ಬದಲಿಗೆ ಕೇರಿ ಮಕ್ಕಳನ್ನ ಜೀತಕ್ಕೆ ಕೇಳ್ತಾರೆ. ಇಡ್ಬೇಕು, ಮತ್ತೆಂತ ಮಾಡೂದು?"

ಹೀಗೆಂದು ಅವಳು ಬಂಡೆಯ ಮೇಲೆ ಅಂಗೈಯೂರಿದಳು. ಲೋಕರೂಢಿಯ ದೃಷ್ಟಿಯಿಂದ ನೋಡಿದರೆ ಮೆನಹೇಮನಿಗೆ ಇದಕ್ಕಿಂತ ಸುಲಭವಾದ ಬಿಡುಗಡೆ ಬೇರೆಯಿಲ್ಲ: ವಂಚಿತಳೇ ಬಂದು ವಂಚಕನಿಗೆ ಮುಕ್ತಿಪತ್ರವನ್ನು ನೀಡುತ್ತಿದ್ದಾಳೆ, ಒಂದು ಹಾಡು ಮುಗಿದರೆ ವ್ಯವಹಾರವೂ ಮುಗಿಯಿತು. ಅವನೂ ಕೈಯೂರಿ ಹಾಡತೊಡಗಿದನು. ಗಿರಿಯನ್ನು ಏರತಕ್ಕವನಾರೆಂಬ ಪ್ರಶ್ನೆಯು ನಿರಾಯಾಸವಾಗಿ ಹೊರಟಿತು. ಕೈ ಕೊಳೆಯಾಗದವನೆಂಬ ಮಾತಿಗೆ ದನಿ ಸ್ವಲ್ಪ ಒರಟಾಯಿತು. ನಷ್ಟವಾದರೂ ಮಾತು ಬದಲಿಸದವನೆಂಬಲ್ಲಿಗೆ ಬಂದಾಗ ಕಂಠವು ನಿಂತೇಹೋಯಿತು. ನೀರು ಕುಡಿದು ಮತ್ತೆ ಆರಂಭಿಸಿದನು. ಮತ್ತೆ ಅಲ್ಲಿಯೇ ನಿಂತಿತು.

"ಪಾಯಸ ಜಾಸ್ತಿ ಆಯ್ತೇನೋ," ಎಂದು ಹಿಂದಿನಿಂದ ಯಾರೋ ಅಂದರು, ಜನ ನಕ್ಕರು. ಮಾಸ್ತಿ ನಗಲಿಲ್ಲ, ಅಂಗೈಯನ್ನು ತೆಗೆಯಲೂ ಇಲ್ಲ.

ಆ ಸಮಯದಲ್ಲಿ, ನೆರೆದ ಜನರಿಗೆ ಬಂಡೆಗಪ್ಪಳಿಸಿದ ತೆರೆಯ ಸದ್ದಾಗಿ ಕೇಳಿದುದು, ಮೆನಹೇಮನೊಬ್ಬನಿಗೆ ಸ್ಪಷ್ಟಾಕ್ಷರಗಳುಳ್ಳ ವಾಣಿಯಾಗಿ ಕೇಳಿತೆಂದು ಪರಂಪರೆಯು ಹೇಳುತ್ತದೆ:

"ಎಲೈ ವರ್ತಕನೇ, ನಾನೂ ನಿನ್ನಂಥವನೇ ಎಂದು ಬಗೆದೆಯಾ? ಕಡಲೂ ಕಾಡೂ ಗಿರಿಶಿಖರಗಳಲ್ಲಿ ಮೇಯುವ ಸಮಸ್ತ ಪಶುಸಂಕುಲವೂ ನನ್ನದಾಗಿರುವಲ್ಲಿ, ಹಸಿವಾದರೆ ನಿನ್ನ ಬಾಗಿಲಿಗೆ ಬರತಕ್ಕವನು ನಾನಲ್ಲ. ನಿನ್ನ ಹತ್ತರಲ್ಲೊಂದು ಪಾಲಿನಿಂದ ನನಗಾಗಬೇಕಾದುದೇನು? ನನ್ನ ಕೀರ್ತನೆಯನ್ನು ನಾಲಗೆಯ ಮೇಲಿಟ್ಟುಕೊಂಡು ನನ್ನ ವಚನವನ್ನು ಬೆನ್ನ ಹಿಂದಕ್ಕೆಸೆದವನೇ, ಈಕೆಗೆ ಆಡಿದ ಮಾತನ್ನು ಈಕೆಗೆ ಸಲ್ಲಿಸು. ಅದೇ ನನಗೆ ಸಲ್ಲುವ ಪೂಜೆ."

ಮೆನಹೇಮನು ಶಾಲನ್ನು ತಲೆಯಿಂದ ತೆಗೆದನು. ಅವನ ಕುಲದ ಅರಸನೇ ಒಮ್ಮೆ ಮಹಾಪರಾಧವನ್ನೆಸಗಿ, ಸಿಕ್ಕಿಬಿದ್ದು, ಹೋಮಬಲಿಗಳಿಂದ ಇದು ತೀರದು, ಮುರಿದ ಮನಸ್ಸೊಂದನ್ನೇ ತಂದಿದ್ದೇನೆಂದು ಗೋಳಿಟ್ಟು ಕಟ್ಟಿದ ಕೀರ್ತನೆಯೊಂದುಂಟು. ಬಾಲ್ಯದಿಂದಲೂ ಸಾವಿರ ಬಾರಿ ಇಂಪಾಗಿ ಹಾಡಿದ್ದ ಅದನ್ನು ಅವನು ಆಗ ಮೊತ್ತಮೊದಲ ಬಾರಿಗೆ, ರಾಗವೂ ಇಲ್ಲದೆ ತಾಳವೂ ಇಲ್ಲದೆ, ಉಪ್ಪಿನವರ ಮಾತಿನಲ್ಲಿ, ತೊದಲುತ್ತ ಹೇಳಿದನು. ಹೇಳಿ ಮುಗಿಸಿ, "ಹಡಗು ಮುಳುಗಿಲ್ಲ. ಕಾಂಡ್ಲಾಕಾಡಿನ ಹಿಂದೆ ಇದೆ," ಎಂದನು.

"ಇತ್ತು," ಎಂದನು ಬೈರುಗ ಗುಂಪಿನೊಳಗಿನಿಂದ. "ಬೆಳಗಿನ ಭರತಕ್ಕೆ ನನ್ನ ಭಾವ ಬಿಟ್ಟುಕೊಂಡು ಹೋದ. ಹಡಗು ಎತ್ತುವಷ್ಟು ನೀರೇರಿದ ಕೂಡಲೇ ಹೊರಡಲಿ ಅಂತ ನೀವೇ ಹೇಳಿದ್ದು. ಈಗ ಓಡಿ ಹಿಡಿಯುವಾ ಅಂದ್ರೆ ಗಾಳಿ ನಮ್ಮದಲ್ಲ."

ಮೆನಹೇಮನು ಬಂಡೆಯ ಮೇಲೆ ಕುಸಿದು ಅಳತೊಡಗಿದನು. ಮಾಸ್ತಿ ಅಂಗೈಯೂರಿದ್ದಲ್ಲಿಂದಲೇ ಅವನತ್ತ ಬಾಗಿದಳು.

"ಅತ್ತದ್ದು ಸಾಕು ಸೆಟ್ಟೀ. ಅದನ್ನ ಬೇಯ್ಸಿ ಉಣ್ಣೂಕಾಗ. ಅಕ್ಕಿ ತರ್ತ್ಯೋ, ನಾ ಮಕ್ಕಳನ್ನ ಕಳಿಸ್ಲೋ?"

"ತರುತ್ತೇನೆ."

"ಹಾಂಗಾದ್ರೆ ನನ್ನ ಕೈ ಇಲ್ಲೇ ಇದ್ದಂಗೆ ತಿಳ್ಕೋ."

ಪಶ್ಚಾತ್ತಾಪವು ಸತ್ಯವೋ ಸುಳ್ಳೋ ಎಂಬುದು ಅದು ತೆರುವ ಬೆಲೆಯಿಂದ ತಿಳಿಯುತ್ತದೆ. ಅಂದೇ ಸಂಜೆಯೊಳಗೆ ಮೆನಹೇಮನು ದೀಪಸ್ತಂಭವನ್ನು ಕೀಳಿಸಿ ಮಾರಿದನು, ಕೋಠಿಯನ್ನು ಮಾರಿದನು, ಮೆಣಸು ತುಂಬಿ ನಿಂತಿದ್ದ ತನ್ನ ಸ್ವಂತ ಹಡಗಿನಿಂದ ಮೆಣಸನ್ನು ಇಳಿಸಿ ಮಾರಿ, ಹಡಗನ್ನೂ ಮಾರಿ, ಆ ಹಡಗನ್ನೇ ಬಾಡಿಗೆಗೆ ಪಡೆದನು. ಕೂಟದ ವರ್ತಕರು, ಬೆಳಿಗ್ಗೆ ಭಕ್ತನೆಂದು ತಲೆದೂಗಿದವರೇ, ಅವನ ಅವಸರವನ್ನು ಕಂಡು ಅರ್ಧ ಬೆಲೆಗೆ ಕೊಂಡರು. ಅದರಲ್ಲಿ ದೂರುವಂಥದೇನೂ ಇಲ್ಲ, ಅವರ ಜಾಗದಲ್ಲಿ ಅವನಿದ್ದರೂ ಹಾಗೆಯೇ ಕೊಳ್ಳುತ್ತಿದ್ದನು. ಮಳೆಯ ಮುಂಚಿನ ಕಡಲು ಕೆರಳಿದ್ದ ಆ ದಿನಗಳಲ್ಲಿ, ಬೈರುಗನೊಡನೆ ತೆಂಕಣ ರೇವಿಗೆ ಹೋಗಿ ನೋಡಿದರೆ, ಅಕ್ಕಿಯು ಆಗಲೇ ಮಾರಾಟವಾಗಿ ಮತ್ತೊಬ್ಬನ ಉಗ್ರಾಣದಲ್ಲಿತ್ತು. ತನ್ನದೇ ಗುರುತು ಒತ್ತಿದ್ದ ಅಕ್ಕಿಮುಡಿಗಳನ್ನು, ಅಕ್ಕಿ ಮಾರಿ ಬಂದ ಹಣವನ್ನೂ ತಾನು ತಂದಿದ್ದುದೆಲ್ಲವನ್ನೂ ಸುರಿದು, ಮಾರಿದ ದರದ ಇಮ್ಮಡಿಗೆ ಅವನು ಮರಳಿ ಕೊಂಡನು.

"ಹಣ ಕಳಕೊಳ್ಳುವವರನ್ನ ಕಂಡಿದ್ದೆ," ಎಂದನಂತೆ ಬೈರುಗ ಹಾಯಿ ಏರಿಸುತ್ತ. "ದುಡ್ಡು ಕೊಟ್ಟು ಕಳಕೊಳ್ಳುವವರನ್ನ ಇವತ್ತೇ ಕಂಡದ್ದು."

"ಹಗ್ಗ ನೋಡಿಕೋ," ಎಂದನು ಮೆನಹೇಮ.

ಹಡಗು ಮರಳಿದಾಗ ಪಡುವಣದಲ್ಲಿ ಮೋಡ ಕವಿದಿತ್ತು. ಹೊಳೆಯಾಚೆಯ ಒಡೆಯರ ದೋಣಿಯು ಮಕ್ಕಳನ್ನು ಒಯ್ಯಲು ದಡಕ್ಕೆ ಬಂದು ಕಾದಿತ್ತು. ಮಾಸ್ತಿಯು ಮುಡಿಗಳನ್ನು ಒಂದೊಂದಾಗಿ ಇಳಿಸಿಕೊಂಡು, ಒಂದನ್ನು ಕೊಯ್ದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಆ ದೋಣಿಯನ್ನು ಬರಿದಾಗಿ ಕಳುಹಿಸಿದಳು. ಅನಂತರ ಇಬ್ಬರೂ ಬಂಡೆಯೇರಿ ಕೈಯೂರಿದರು. ಮೆನಹೇಮನ ಕಂಠಕ್ಕೆ ಹಿಂದಿನ ಇಂಪು ಮರಳಲಿಲ್ಲ, ಮುಂದೆಂದೂ ಮರಳಲಿಲ್ಲ. ಬಿರುಕುಬಿಟ್ಟ ದನಿಯಲ್ಲಿ ಕೀರ್ತನೆಯನ್ನು ಕೊನೆಯವರೆಗೆ ಹಾಡಿ ಅವನು ಆ ಮಾತನ್ನು ಬಿಚ್ಚಿದನು. ಕೊನೆಯ ಚರಣ ಮುಗಿಯುತ್ತಿದ್ದಂತೆ, ದೀಪಸ್ತಂಭವನ್ನು ಕಿತ್ತು ಬರಿದಾಗಿದ್ದ ಕುಳಿಯಲ್ಲಿ ನೀರು ಜಿನುಗಿತು. ಮಾಸ್ತಿ ಬೆರಳದ್ದಿ ನೆಕ್ಕಿದಳು. ಸಿಹಿನೀರು.

ಅದು ಅವನ ಕಣ್ಣೀರೆಂದು ಕೆಲವರು, ಭಗವದನುಗ್ರಹವೆಂದು ಹಲವರು, ಕಲ್ಲು ಕೊರೆದಾಗ ಒಳಗಿನ ಸೆಲೆ ತೆರೆಯಿತೆಂದು ಮತ್ತೆ ಕೆಲವರು. ನಂಬುವವರು ತಮಗೆ ತೋರಿದಂತೆ ನಂಬಲಿ. ನೀರಂತೂ ಇಂದಿಗೂ ಇದೆ. ಭರತದಲ್ಲಿ ಕಡಲು ಬಂಡೆಯನ್ನು ಮುಳುಗಿಸಿ ಹೋಗುತ್ತದೆ. ಇಳಿತದಲ್ಲಿ ಕುಳಿಯ ಉಪ್ಪುನೀರು ಹೊರಚೆಲ್ಲಿ ಸೀನೀರು ಮೇಲೇರುತ್ತದೆ. ಯಾತ್ರಿಕರು ಸ್ವತಃ ಸವಿದು ನೋಡಬಹುದು.

ಮಳೆಗಾಲಕ್ಕೆ ಮುಂಚಿನ ಅಮಾವಾಸ್ಯೆಯಂದು ಇಲ್ಲಿ ನಡೆಯುವ ಹಾಡು ಬಿಚ್ಚುವ ಹಬ್ಬದಲ್ಲಿ, ಮಾತು ಕೊಟ್ಟವರೂ ಕೊಡಿಸಿಕೊಂಡವರೂ ಜೊತೆಯಾಗಿ ಬಂದು ಬಂಡೆಯ ಮೇಲೆ ಕೈಯೂರುತ್ತಾರೆ. ಯಾರಿಗಾದರೂ ಆಡಿದ ಮಾತು ಸಲ್ಲಿಸದೆ ಉಳಿದಿದೆಯೇ ಎಂದು ಉಪ್ಪಿನ ಕೇರಿಯ ಹಿರಿಯಳು ಕೇಳುತ್ತಾಳೆ. ಉಳಿದಿದ್ದವನು ಬಂಗಾರದ ಕೊಡವನ್ನೇ ಹೊತ್ತು ತಂದಿದ್ದರೂ ಅವನ ಕಾಣಿಕೆಯನ್ನು ಮುಟ್ಟದೆ ಹಿಂದಕ್ಕೆ ಕಳುಹಿಸಲಾಗುತ್ತದೆ. ಇಲ್ಲಿ ದೀಪಸ್ತಂಭವಿಲ್ಲ, ಹುಂಡಿಯಿಲ್ಲ. ವಿಗ್ರಹವನ್ನು ಸ್ಥಾಪಿಸಿದವರೂ ಇಲ್ಲ. ಉಪ್ಪಿನವರ ಬಾಯಲ್ಲಿ ಸವೆದು ನುಣುಪಾದ ಆ ಪರದೇಶದ ಪಲ್ಲವಿಯನ್ನು ಮಾತ್ರ ಎಲ್ಲರೂ ಹೇಳುತ್ತಾರೆ, ಈಗ ಅರ್ಥ ತಿಳಿದೇ ಹೇಳುತ್ತಾರೆ.

ಮೆನಹೇಮನು ಅನಂತರ ಊರು ಬಿಡದೆ, ಬಾಡಿಗೆಯ ಚಿಕ್ಕದೊಂದು ಅಂಗಡಿಯಲ್ಲಿ ಬದುಕು ಮುಗಿಸಿದನು. ಲೆಕ್ಕ ಹಾಕುವುದಾದರೆ ಹೀಗೆ: ಹೋದದ್ದು ಮೆಣಸು ತುಂಬಿದ ಒಂದು ಹಡಗು, ಒಂದು ಕೋಠಿ, ಒಂದು ದೀಪಸ್ತಂಭ, ಒಂದು ಒಳ್ಳೆಯ ಕಂಠ. ಬಂದದ್ದು ಬೊಗಸೆಯಷ್ಟು ಕುಡಿಯುವ ನೀರು. ಮತ್ತು ಆ ಮಳೆಗಾಲ ಕಳೆದು ಗದ್ದೆಗಳು ಒಣಗಿದಾಗ, ಹಲಿಗೆ ಹಿಡಿದು ಮತ್ತೆ ಉಪ್ಪಿಗಿಳಿದ ಕೇರಿಯ ಮಕ್ಕಳು, ಒಬ್ಬರೂ ಕಡಿಮೆಯಾಗದೆ.